ನುಂಗಿದವರು ಯಾರು

ಯಂತ್ರ ಈ ವಾರವೂ ಅದನ್ನೇ ತೋರಿಸಿತು. ಒಂದು ಪಾಯಿಂಟ್ ಒಂದು.

ಅನಸೇನಿ ಕೆಪುವಿನ ಬೆರಳನ್ನು ಹತ್ತಿಯಿಂದ ಒತ್ತಿ ಹಿಡಿದಳು. ಹತ್ತು ಎಣಿಸುವಷ್ಟರಲ್ಲಿ ರಕ್ತ ನಿಂತುಹೋಯಿತು. ಅಷ್ಟು ಬೇಗ ನಿಲ್ಲಬಾರದಿತ್ತು.

ಕೆಪುವಿಗೆ ಚಿಕ್ಕಂದಿನಲ್ಲಿ ಬಂದ ಜ್ವರ ಹೃದಯದ ಕವಾಟವೊಂದನ್ನು ಕೆಡಿಸಿಟ್ಟು ಹೋಗಿತ್ತು. ಅಂಥ ಕವಾಟದ ಹಿಂದೆ ರಕ್ತ ತಡೆದು ನಿಲ್ಲುತ್ತದೆ, ನಿಂತಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪು ಕಳಚಿಕೊಂಡು ಮೆದುಳಿಗೆ ಹೋದರೆ ಲಕ್ವ, ಇಲ್ಲವೇ ಸಾವು. ಅದಕ್ಕೆ ರಕ್ತ ತೆಳುವಾಗಿಡಲು ದಿನಕ್ಕೊಂದು ಮಾತ್ರೆ. ಮಾತ್ರೆ ಕೆಲಸ ಮಾಡುತ್ತಿದ್ದರೆ ಯಂತ್ರದಲ್ಲಿ ಎರಡರಿಂದ ಮೂರರ ನಡುವೆ ಬರಬೇಕು. ಮಾತ್ರೆಯ ಮುಖವನ್ನೇ ನೋಡದವರಿಗೆ ಬರುವುದು ಒಂದು.

"ಎಷ್ಟು ಬಂತು ಅತ್ತಿಗೆ?"

"ಒಂದು ಪಾಯಿಂಟ್ ಒಂದು."

"ಪರವಾಗಿಲ್ಲ ಬಿಡಿ. ಶಾಲೇಲಿ ಲೆಕ್ಕದಲ್ಲಿ ನನಗೆ ಅಷ್ಟೂ ಬರ್ತಿರ್ಲಿಲ್ಲ."

ಅವಳು ನಗಲಿಲ್ಲ. ಕೆಪು ವಾರದ ಮಾತ್ರೆಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಏಳು ಗೂಡುಗಳೂ ಖಾಲಿ. ತೊಳೆದು ಒರೆಸಿ ತಂದಿದ್ದ. ಅನಸೇನಿ ಹಾಳೆಯಲ್ಲಿ 'ಪೆಟ್ಟಿಗೆ ಖಾಲಿ ಇದೆಯೇ' ಎಂಬಲ್ಲಿ 'ಹೌದು' ಎಂದು ಗುರುತು ಹಾಕಿದಳು. ಆರನೆಯ ವಾರ, ಆರನೆಯ ಗುರುತು.

ವವಾಉ ದ್ವೀಪಗಳ ಹಳ್ಳಿಗಳಿಂದ ನಲವತ್ತೊಂದು ಜನರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಮೂರು ತಿಂಗಳಿಗೊಮ್ಮೆ ನೆಯಾಫು ಪಟ್ಟಣದ ಆಸ್ಪತ್ರೆಗೆ ಹೋಗುವ ಬದಲು, ಊರಿನ ನರ್ಸೇ ವಾರಕ್ಕೊಮ್ಮೆ ಬೆರಳು ಚುಚ್ಚಿ ನೋಡಿದರೆ ಲಕ್ವ ಕಡಿಮೆಯಾಗುತ್ತದೆಯೇ ಎಂದು ಕಂಡುಕೊಳ್ಳುವುದು. ಈ ಊರಿಗೆ ನರ್ಸ್ ಅಂದರೆ ಅನಸೇನಿ. ಕೆಪು ಅವಳ ಮೈದುನ. ಅವನ ಅಣ್ಣ ಮಲಕಾಯಿ ಅವಳ ಗಂಡ.

ಮಲಕಾಯಿಗೂ ಇಂಥದ್ದೇ ಕವಾಟ, ಇದೇ ಮಾತ್ರೆ. ಆಗ ಊರಿನಲ್ಲಿ ಯಂತ್ರವಿರಲಿಲ್ಲ. ಅನಸೇನಿ ಪ್ರತಿ ವಾರ ಪೆಟ್ಟಿಗೆ ತುಂಬಿ ಕೊಡುತ್ತಿದ್ದಳು, ಖಾಲಿಯಾದುದನ್ನು ನೋಡಿ ಸಹಿ ಹಾಕುತ್ತಿದ್ದಳು. ಎಂಟು ತಿಂಗಳು ಒಂದೂ ತಪ್ಪಿರಲಿಲ್ಲ. ಒಂಬತ್ತನೆಯ ತಿಂಗಳ ಒಂದು ಬುಧವಾರ ಬೆಳಿಗ್ಗೆ ಗೆಣಸಿನ ಪಾತಿಯ ಮೇಲೆ ಬಿದ್ದವನು ಏಳಲಿಲ್ಲ. ಮೂವತ್ತೊಂದು ವರ್ಷ. ದಾಖಲೆಪುಸ್ತಕದಲ್ಲಿ ಸಾವಿನ ಕಾರಣದ ಎದುರು 'ಔಷಧ ವಿಫಲ' ಎಂದು ಬರೆದದ್ದೂ ಅವಳೇ. ಊರಿನಲ್ಲಿ ಬರೆಯುವವರು ಬೇರೆ ಯಾರೂ ಇರಲಿಲ್ಲ.

ಅದಾಗಿ ಎರಡು ವರ್ಷ. ಅವಳು ಶೋಕದ ಕಪ್ಪು ಬಟ್ಟೆ ಬಿಟ್ಟಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಆಕ್ಲೆಂಡಿನಿಂದ ಡಾಕ್ಟರ್ ರೆಡ್‌ಮನ್ ಫೋನ್ ಮಾಡಿದರು. ಅಧ್ಯಯನದ ಹೊಣೆ ಅವರದು.

"ಕೆಸುವಿನ ಎಲೆ ತಿಂತಿದ್ದಾನೆ, ಅಷ್ಟೇ," ಎಂದರು. "ನಿಮ್ಮ ಕಡೆ ಭಾನುವಾರ ಎಲೆ ಇಲ್ದೆ ಊಟಾನೇ ಇಲ್ವಲ್ಲ. ಎಲೆ ಹೊಟ್ಟೆಗೆ ಹೋದ್ರೆ ಮಾತ್ರೆ ಕೆಲಸ ಮಾಡಲ್ಲ."

"ಮೂರು ಭಾನುವಾರ ಅವರ ನೆಲದೊಲೆ ಮುಂದೆ ನಾನೇ ಕೂತು ನೋಡಿದೀನಿ ಡಾಕ್ಟರ್. ಅವನ ಪಾಲಿನ ಮಾಂಸಾನ ಅವನ ತಾಯಿ ಬಾಳೆಎಲೇಲಿ ಸುತ್ತಿ ಬೇಯಿಸ್ತಾರೆ. ಒಂದು ಚೂರು ಕೆಸುವಿನ ಎಲೆ ಬಾಯಿಗೆ ಹೋಗಿಲ್ಲ."

"ಹಾಗಾದ್ರೆ ಇನ್ನೂ ಏರ್ಸು. ಏಳು ಮಿಲಿಗ್ರಾಂ ಸಾಲ್ದು. ಹತ್ತು ಕೊಡು."

"ಏರ್ಸಲ್ಲ."

"ಏನಂದೆ?"

"ಎರಡು ಸಲ ಏರ್ಸಿದ್ದಾಯ್ತು. ಕೂದಲೆಳೆಯಷ್ಟೂ ಅಲುಗ್ಲಿಲ್ಲ. ಕೊಟ್ಟಿದ್ದು ಎಲ್ಲೋ ಹೋಗ್ತಾ ಇದೆ. ಎಲ್ಲಿಗೆ ಅಂತ ಗೊತ್ತಾಗೋವರೆಗೂ ಏರ್ಸಲ್ಲ."

"ನೋಡು ಅನಸೇನಿ, ಇನ್ನು ನಾಲ್ಕು ವಾರ. ಅಷ್ಟರಲ್ಲಿ ಎರಡು ಮುಟ್ಟದಿದ್ರೆ ಅವನನ್ನ ಅಧ್ಯಯನದಿಂದ ಬಿಡಬೇಕಾಗತ್ತೆ. ನಿಯಮ ನಾನು ಮಾಡಿದ್ದಲ್ಲ. ಬಿಟ್ರೆ ಯಂತ್ರ, ರಕ್ತದ ಹನಿ ಹಾಕೋ ಪಟ್ಟಿ ಯಾವ್ದೂ ಅವನಿಗೆ ಸಿಗಲ್ಲ, ಮತ್ತೆ ಮೂರು ತಿಂಗಳಿಗೊಂದು ಸಲ ಆಸ್ಪತ್ರೆ. ನಿನಗೆ ಕಷ್ಟ ಅಂತ ಗೊತ್ತು. ಅವನ ಅಣ್ಣನ ವಿಷಯ…"

"ಅವನ ಅಣ್ಣನ ವಿಷಯ ಬೇಡ ಡಾಕ್ಟರ್," ಎಂದು ಅನಸೇನಿ ಫೋನ್ ಇಟ್ಟಳು.

ಅಂದು ಸೋಮವಾರ. ಇಗರ್ಜಿಯ ಪಕ್ಕದ ದೊಡ್ಡ ಮನೆಯಲ್ಲಿ ಹೆಂಗಸರೆಲ್ಲ ಸೇರಿ ನಾರುಬಟ್ಟೆ ಮಾಡುತ್ತಿದ್ದರು. ಬಡಿದು ಅಗಲ ಮಾಡಿದ ಹಿಪ್ಪುನೇರಳೆ ತೊಗಟೆಯ ಹಾಳೆಗಳನ್ನು ಉದ್ದನೆಯ ದುಂಡುಹಲಗೆಯ ಮೇಲೆ ಹಾಸಿ, ಅರೆಬೆಂದ ಗೆಡ್ಡೆಯಿಂದ ಅಂಟು ಉಜ್ಜಿ, ಒಂದಕ್ಕೊಂದು ಕೂಡಿಸುವ ಕೆಲಸ. ಮುಂದಿನ ತಿಂಗಳ ಮದುವೆಯೊಂದಕ್ಕೆ ಐವತ್ತು ಮಾರುದ್ದದ್ದು ಬೇಕಿತ್ತು. ಅನಸೇನಿ ಹೋಗಿ ಸಾಲಿನ ಕೊನೆಯಲ್ಲಿ ಕುಳಿತಳು. ಸೊಸೆಯಂದಿರ ಜಾಗ ಅದು.

"ಎಲ್ಲೇ ನಿನ್ನ ಸೊಳ್ಳೆ ಯಂತ್ರ?" ಎಂದಳು ತೋಕಿಲುಪೆ. ಊರಿನಲ್ಲಿ ಬಾಯಿಗೆ ಬೀಗವಿಲ್ಲದವಳು ಅವಳೊಬ್ಬಳೇ. "ನಮ್ಮೂರಿನ ರಕ್ತ ಕುಡಿದೂ ಕುಡಿದೂ ಆಕ್ಲೆಂಡಿನ ಡಾಕ್ಟರು ಹಂದಿ ಹಾಗೆ ಕೊಬ್ಬಿದಾರಂತಲ್ಲ!"

ಎಲ್ಲರೂ ನಕ್ಕರು. ಸಾಲಿನ ತಲೆಯಲ್ಲಿ ಕುಳಿತಿದ್ದ ಲಾವೇನಿ ಮಾತ್ರ ನಗಲಿಲ್ಲ. ಲಾವೇನಿ ಮಲಕಾಯಿಯ ಸೋದರತ್ತೆ, ಕೆಪುವಿಗೂ ಸೋದರತ್ತೆ. ಮಲಕಾಯಿಯ ಹೆಣದ ತಲೆಯ ಬಳಿ ಕುಳಿತದ್ದು ಅವಳು, ಸಾವಿನ ಮನೆಗೆ ಕಾಣಿಕೆಯಾಗಿ ಬಂದ ಚಾಪೆಗಳಲ್ಲಿ ಒಳ್ಳೆಯದೆಲ್ಲ ಸಂದದ್ದು ಅವಳಿಗೆ, ಶೋಕದ ಗುರುತಾಗಿ ಅನಸೇನಿಯ ಕೂದಲು ಕತ್ತರಿಸಿದ್ದೂ ಅವಳೇ.

"ಅವಳಿಗೆ ಚುಚ್ಚೋದು ಬಿಟ್ರೆ ಇನ್ನೇನಿದೆ," ಎಂದಳು ಲಾವೇನಿ. "ಮಕ್ಕಳುಮರಿ ಇದ್ದಿದ್ರೆ ಕೈಗೆ ಬೇರೆ ಕೆಲಸ ಇರ್ತಿತ್ತು."

ಅನಸೇನಿ ಅಂಟು ಉಜ್ಜುತ್ತಲೇ ಇದ್ದಳು. ತಲೆಯೆತ್ತಿದಾಗ ಲಾವೇನಿ ಹಾಳೆ ಎಳೆಯಲೆಂದು ಕೈ ಚಾಚಿದ್ದಳು. ತೋಳಿನ ಒಳಮೈಯಲ್ಲಿ ಅಂಗೈಯಗಲದ ನೇರಳೆ ಕಲೆ. ಮೊಣಕೈ ಹತ್ತಿರ ಇನ್ನೊಂದು, ಹಳದಿಗೆ ತಿರುಗುತ್ತಿದ್ದದ್ದು.

"ಕೈಗೇನಾಯ್ತು ಅತ್ತೆ?"

"ಕೊಡತಿ ತಗಲ್ತು. ಕೆಲಸ ಮಾಡೋರ ಕೈಗೆ ಏನಾದ್ರೂ ಆಗತ್ತೆ."

ಕೊಡತಿ ತೋಳಿನ ಒಳಮೈಗೆ ತಗಲುವುದಿಲ್ಲ. ಸ್ವಲ್ಪ ಹೊತ್ತಿಗೆ ಎಳನೀರು ಬಂತು. ಲಾವೇನಿ ಮೊದಲು ಕುಡಿದು ಬುರುಡೆಯನ್ನು ಕೆಳಗಿಟ್ಟಳು. ಅವಳ ತುಟಿ ತಾಗಿದ ಬಿಳಿ ಅಂಚಿನಲ್ಲಿ ಕೆಂಪು ಗೆರೆಯೊಂದು ಉಳಿದಿತ್ತು.

ಅನಸೇನಿ ಆ ಗೆರೆಯನ್ನೇ ನೋಡುತ್ತ ಕುಳಿತಳು.

ಸಂಜೆಗೆ ಮುಂಚೆ ಅವಳು ಮಾವನ ಮನೆಯ ಹಿತ್ತಲಿಗೆ ಹೋದಳು. ಕೆಪು ಜೀಗುಜ್ಜೆ ಮರದ ಕೆಳಗೆ ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕುತ್ತಿದ್ದ. ಭಾರದ ಕೆಲಸವನ್ನು ಅವನಿಗೆ ಯಾರೂ ಹೇಳುತ್ತಿರಲಿಲ್ಲ. ಅವಳು ಚೀಲದಿಂದ ಪೆಟ್ಟಿಗೆ ತೆಗೆದು ಅವನ ಮುಂದೆ ಹಿಡಿದಳು.

"ಇದರಲ್ಲಿದ್ದ ಮಾತ್ರೆ ಯಾರು ನುಂಗಿದ್ದು?"

"ಖಾಲಿ ಇತ್ತಲ್ಲ ಅತ್ತಿಗೆ."

"ಖಾಲಿ ಇತ್ತಾ ಅಂತ ಕೇಳ್ಲಿಲ್ಲ. ಯಾರು ನುಂಗಿದ್ದು?"

ಕೆಪು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಅವನು ಸುಳ್ಳು ಹೇಳುವವನಲ್ಲ. ಈವರೆಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ, ಅಷ್ಟೇ.

"ಲಾವೇನಿ ಅತ್ತೆ ಕೇಳಿದ್ರು," ಎಂದ. "ಮಂಡಿ ನೋವು, ಮೈಯೆಲ್ಲಾ ಭಾರ ಅಂತಾರೆ. ರಕ್ತ ತೆಳ್ಳಗಾದ್ರೆ ಮೈ ಹಗುರಾಗತ್ತಂತೆ. ನೀವು ತುಂಬಿ ಕೊಟ್ಟ ಮೇಲೆ ಬಂದು ಪೆಟ್ಟಿಗೆ ತಗೊಂಡು ಹೋಗ್ತಾರೆ. ಖಾಲಿ ಆದ್ಮೇಲೆ ಕೊಟ್ಟು ಕಳಿಸ್ತಾರೆ."

"ನೀನು ಕೊಟ್ಟೆ."

"ಸೋದರತ್ತೆ ಕೇಳಿದ್ದಕ್ಕೆ ಇಲ್ಲ ಅನ್ನಕ್ಕಾಗತ್ತಾ? ನೀವು ಅಂತೀರಾ ನಿಮ್ಮ ಸೋದರತ್ತೆಗೆ?"

ಅನ್ನುವುದಿಲ್ಲ. ಅಣ್ಣತಮ್ಮಂದಿರಿಗಿಂತ ಅಕ್ಕತಂಗಿಯರದ್ದು ಒಂದು ಮೆಟ್ಟಿಲು ಮೇಲು. ಅಣ್ಣತಮ್ಮಂದಿರ ಮಕ್ಕಳಿಗೆ ಅವರ ಮಾತು ದೊರೆಯ ಮಾತಿನ ಹಾಗೆ. ಸೋದರತ್ತೆ ಬಂದು ಹಂದಿ ಹೊಡೆದುಕೊಂಡು ಹೋಗಬಹುದು, ಗೂಟದ ಮೇಲಿನ ಅಂಗಿ ತೆಗೆದುಕೊಂಡು ಹೋಗಬಹುದು. ಹೋದ ಕ್ರಿಸ್‌ಮಸ್ಸಿನಲ್ಲಿ ಅನಸೇನಿಯೇ ತನ್ನ ಅಣ್ಣನ ಮಗಳ ಹೊಸ ಚಪ್ಪಲಿ ಚೆನ್ನಾಗಿದೆ ಎಂದಿದ್ದಳು. ಹುಡುಗಿ ಅಲ್ಲೇ ಬಿಚ್ಚಿಕೊಟ್ಟು ನಗುನಗುತ್ತ ಬರಿಗಾಲಲ್ಲಿ ಮನೆಗೆ ಹೋಗಿದ್ದಳು. ಆ ಚಪ್ಪಲಿ ಈಗಲೂ ಅನಸೇನಿಯ ಕಾಲಲ್ಲಿತ್ತು.

"ಅಣ್ಣನೂ ಕೊಡ್ತಿದ್ದ," ಎಂದ ಕೆಪು.

ಹಂದಿಯೊಂದು ಒಡೆದ ಕಾಯಿಯನ್ನು ಉರುಳಿಸಿಕೊಂಡು ಬಂದು ಅವಳ ಪಾದಕ್ಕೆ ತಾಗಿಸಿತು. ಅನಸೇನಿ ಬಗ್ಗಿ ಅದನ್ನೆತ್ತಿ ಮೊದಲಿದ್ದಲ್ಲೇ ಇಟ್ಟಳು.

"ಎಷ್ಟು ದಿನ?"

"ಶುರುವಿಂದ. ನೆಯಾಫುಗೆ ಪರೀಕ್ಷೆಗೆ ಹೋಗೋ ಮುಂಚೆ ಎರಡು ವಾರ ಮಾತ್ರ ತಾನೇ ನುಂಗ್ತಿದ್ದ. ನಿಮಗೆ ಗೊತ್ತಾದ್ರೆ ನೀವು ಅತ್ತೆ ಹತ್ರ ಜಗಳಕ್ಕೆ ಹೋಗ್ತೀರ, ಮನೆತನದ ಮರ್ಯಾದೆ ಹೋಗತ್ತೆ ಅಂತಿದ್ದ. ಪೆಟ್ಟಿಗೆ ತೊಳೆದಿಡ್ತಿದ್ದ."

ಔಷಧ ಸೋತಿರಲಿಲ್ಲ. ಔಷಧ ಅವನೊಳಗೆ ಹೋಗಿಯೇ ಇರಲಿಲ್ಲ. ಮೂವತ್ತನಾಲ್ಕು ವಾರ ತಾನು ಹಾಕಿದ ಸಹಿಗಳು ಅವಳ ಕಣ್ಣಮುಂದೆ ಒಂದರ ಕೆಳಗೊಂದು ಸಾಲಾಗಿ ನಿಂತವು.

"ಅತ್ತಿಗೆ, ಪಾದ್ರಿಗಳ ಹತ್ರ ಹೇಳ್ಸೋಣ," ಎಂದ ಕೆಪು. "ಕಾಣಿಕೆ ಅಂತ ಒಂದು ಒಳ್ಳೆ ಚಾಪೆ, ಒಂದು ಕಾವಾ ಬೇರು ತಗೊಂಡು ಹೋಗಿ ಬೇಡಿಕೊಂಡ್ರೆ ಅತ್ತೆ ಕರಗಬಹುದು."

"ಬೇಡಲ್ಲ."

"ಮತ್ತೆ?"

"ನಾಳೆಯಿಂದ ನಿನ್ನ ಪೆಟ್ಟಿಗೆ ನನ್ನ ಬೀರುವಿನಲ್ಲಿರತ್ತೆ. ದಿನಾ ಸಂಜೆ ಆರಕ್ಕೆ ನಾನು ಬರ್ತೀನಿ. ನನ್ನ ಮುಂದೆ ನುಂಗು."

"ಅತ್ತೆ ಸುಮ್ನಿರ್ತಾರಾ?"

"ಸುಮ್ನಿರ್ಬೇಡಿ ಅಂತ ಹೇಳು."

ಮಾರನೆಯ ಬೆಳಿಗ್ಗೆ ಅವಳು ಯಂತ್ರ ತೆಗೆದುಕೊಂಡು ನಾರುಬಟ್ಟೆಯ ಮನೆಗೆ ಹೋದಳು. ಸಾಲಿನ ಕೊನೆಯಲ್ಲಿ ಕೂರಲಿಲ್ಲ. ನೇರವಾಗಿ ಹೋಗಿ ಲಾವೇನಿಯ ಎದುರಿಗೆ ಕುಳಿತಳು.

"ಬಂತಪ್ಪ ಸೊಳ್ಳೆ!" ಎಂದಳು ತೋಕಿಲುಪೆ. ಅನಸೇನಿಯ ಮುಖ ನೋಡಿ ಮುಂದಿನ ಮಾತನ್ನು ನುಂಗಿಕೊಂಡಳು.

"ಅತ್ತೆ, ಬೆರಳು ಕೊಡಿ."

ಒಂದೊಂದಾಗಿ ಕೈಗಳು ನಿಂತವು. ಲಾವೇನಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗಂಡನ್ನ ಉಳಿಸ್ಕೊಳ್ಳಕ್ಕಾಗದ ಕೈಗೆ ನನ್ನ ಬೆರಳು ಕೊಡ್ಲಾ?"

"ಕೊಡಿ. ಎಲ್ಲಾರ ಮುಂದೇನೇ ಕೊಡಿ."

ಅಷ್ಟು ಹೆಂಗಸರ ಮುಂದೆ ಕೈ ಹಿಂದಕ್ಕೆಳೆದುಕೊಳ್ಳುವುದು ಲಾವೇನಿಯ ಜಾಯಮಾನವಲ್ಲ. "ಚುಚ್ಚೇ ತಾಯಿ, ಚುಚ್ಚು," ಎಂದು ಬೆರಳು ಚಾಚಿದಳು. ಅನಸೇನಿ ಚುಚ್ಚಿ, ಒಂದು ತೊಟ್ಟನ್ನು ಪಟ್ಟಿಯ ಮೇಲೆ ತೆಗೆದುಕೊಂಡಳು. ಯಂತ್ರ ಒಂದು ನಿಮಿಷ ತನ್ನಷ್ಟಕ್ಕೆ ಯೋಚಿಸಿ, ಆರು ಪಾಯಿಂಟ್ ಎಂಟು ಎಂದಿತು.

ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. ಆ ಸಂಖ್ಯೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಬೆರಳು. ಹತ್ತಿ ಕೆಂಪಾಯಿತು, ಇನ್ನೊಂದು ಹತ್ತಿ ಕೆಂಪಾಯಿತು, ಅದೂ ತೊಯ್ದು ಒಂದು ಹನಿ ಬಿಳಿಯ ನಾರುಬಟ್ಟೆಯ ಮೇಲೆ ಬಿತ್ತು. ಆಮೇಲೆ ಇನ್ನೊಂದು.

"ಅಯ್ಯೋ, ಮದುವೆ ಬಟ್ಟೆ!" ಎಂದರು ಯಾರೋ.

"ಯಾಕೆ ನಿಲ್ತಿಲ್ಲ ಇದು?" ಎಂದಳು ಲಾವೇನಿ.

"ಕೆಪು ಮಾತ್ರೆ ನಿಮ್ಮೊಳಗಿದೆ, ಅದಕ್ಕೆ. ಅವನಿಗೆ ಅಂತ ನಾನು ಏರ್ಸಿದ್ದೆಲ್ಲ ನಿಮಗೇ ಹೋಗಿದೆ. ಇನ್ನೊಂದು ಸ್ವಲ್ಪ ದಿನ ನುಂಗಿ, ಒಂದು ಸಲ ಕಾಲು ಜಾರಿ ಬಿದ್ರೆ ತಲೆಯೊಳಗೆ ರಕ್ತ ಸುರಿದು ಹೋಗ್ತೀರ. ಅವನು ಹೆಪ್ಪುಗಟ್ಟಿ ಹೋಗ್ತಾನೆ. ಒಂದೇ ಪೆಟ್ಟಿಗೆಗೆ ಎರಡು ಹೆಣ."

ಲಾವೇನಿ ನೆಟ್ಟಗೆ ಕುಳಿತಳು. "ಅವನು ನನ್ನ ತಮ್ಮನ ಮಗ. ಅವನದ್ದೆಲ್ಲ ನನ್ನದು. ಕೇಳೋಕೆ ನೀನ್ಯಾರೇ? ಹೊರಗಿಂದ ಬಂದ ಸೊಸೆ. ಅದೂ ಗಂಡ ಇಲ್ಲದವಳು."

"ಹೌದು. ಅವನ ಹಂದಿ ತಗೊಳ್ಳಿ ಅತ್ತೆ, ಗೆಣಸು ತಗೊಳ್ಳಿ, ಮೈಮೇಲಿನ ಅಂಗಿ ತಗೊಳ್ಳಿ. ಮಾತ್ರೆ ಮಾತ್ರ ಬಿಡಲ್ಲ."

"ಬಿಡಲ್ವಾ?"

"ಬಿಡಲ್ಲ."

"ಯಾರ ಮುಂದೆ ಮಾತಾಡ್ತಿದೀಯ ಗೊತ್ತಾ?"

"ಗೊತ್ತು. ನನ್ನ ಕೂದಲು ಕತ್ತರಿಸಿದವರ ಮುಂದೆ. ಈ ಮನೇಲಿ ಇನ್ನೊಂದು ಸಲ ಕೂದಲು ಕತ್ತರಿಸೋ ಕೆಲಸ ನಿಮಗೆ ಬರ್ಬಾರ್ದು. ಅದಕ್ಕೇ ಮಾತಾಡ್ತಿರೋದು."

ಲಾವೇನಿ ತನ್ನ ಬೆರಳನ್ನು ನೋಡಿದಳು, ಬಟ್ಟೆಯ ಮೇಲಿನ ಹನಿಗಳನ್ನು ನೋಡಿದಳು. ಮತ್ತೆ ಬಾಯಿ ತೆರೆದಾಗ ದನಿ ಅವಳದ್ದೆಂದು ಅನ್ನಿಸಲಿಲ್ಲ.

"ಮಲಕಾಯಿಗೂ… ಇದರಿಂದಾನೇ?"

ಇಲ್ಲ ಎನ್ನಬೇಕು. ಅಲ್ಲಿದ್ದ ಒಬ್ಬೊಬ್ಬರೂ ಆ ಒಂದು ಮಾತಿಗಾಗಿ ಕಾದರು. ಹಿರಿಯರ ಮುಖ ಉಳಿಸಲು ಎಂಥ ಸುಳ್ಳನ್ನೂ ಹೇಳಬಹುದು, ಹೇಳಬೇಕು. ಹಾಗೆಂದು ಹುಟ್ಟಿದಾಗಿನಿಂದ ಅವಳೂ ಕಲಿತವಳೇ. ಅದೇ ಕಲಿಕೆ ಪೆಟ್ಟಿಗೆಯನ್ನು ತೊಳೆದಿಟ್ಟಿತ್ತು.

"ಹೌದು," ಎಂದಳು ಅನಸೇನಿ.

ತೋಕಿಲುಪೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ನನಗೆ ಗೊತ್ತಿರ್ಲಿಲ್ಲ. ನಾನು ಅವರನ್ನ ಕೇಳೇ ಇರ್ಲಿಲ್ಲ ಅತ್ತೆ. ಪೆಟ್ಟಿಗೆ ಖಾಲಿ ಆಯ್ತಾ ಅಂತ ನೋಡ್ದೆ, ಸಹಿ ಹಾಕ್ದೆ. ಅದು ನನ್ನ ಪಾಲಿನ ತಪ್ಪು."

ನೆಯಾಫುವಿನ ಆಸ್ಪತ್ರೆಗೆ ತೋಕಿಲುಪೆಯ ಗಂಡನ ಟ್ರಕ್ಕಿನಲ್ಲಿ ಹೋದರು. ಮುಂದಿನ ಸೀಟಿನಲ್ಲಿ ಲಾವೇನಿ, ಪಕ್ಕದಲ್ಲಿ ಅನಸೇನಿ. ದಾರಿಯುದ್ದಕ್ಕೂ ಅನಸೇನಿ ಆ ಬೆರಳನ್ನು ತನ್ನ ಎರಡು ಬೆರಳುಗಳ ನಡುವೆ ಒತ್ತಿ ಹಿಡಿದಿದ್ದಳು. ಲಾವೇನಿ ಕಿಟಕಿಯ ಕಡೆ ತಿರುಗಿದ್ದಳು. ಕೈ ಬಿಡಿಸಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಮದ್ದು ಕೊಟ್ಟು ಎರಡು ದಿನ ಇರಿಸಿಕೊಂಡರು.

ಭಾನುವಾರ ಮಾವನ ಮನೆಯಿಂದ ತಟ್ಟೆ ಬರಲಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಬಾಳೆಎಲೆ ಮುಚ್ಚಿ ಬರುತ್ತಿದ್ದ ತಟ್ಟೆ. ಅನಸೇನಿ ಮೀನಿನ ಡಬ್ಬಿ ಒಡೆದು ನಿಂತೇ ತಿಂದಳು. ಇಗರ್ಜಿಯಲ್ಲಿ ಅವಳ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಪಾದ್ರಿಗಳು ಹಿರಿಯರಿಗೆ ವಿಧೇಯರಾಗಿರುವ ಬಗ್ಗೆ ಉಪದೇಶ ಮಾಡಿದರು. ಅವಳು ತಲೆ ತಗ್ಗಿಸದೆ ಕೇಳಿದಳು.

ಸಂಜೆ ಆರಕ್ಕೆ ಪೆಟ್ಟಿಗೆ ಹಿಡಿದು ಹೋದಳು. ಭಾನುವಾರ ಯಾರೂ ಕೆಲಸ ಮಾಡಬಾರದು. ಅವಳು ಮಾಡಿದಳು.

"ನುಂಗು. ಬಾಯಿ ತೆಗಿ. ನಾಲಿಗೆ ಎತ್ತು."

"ಕುದುರೆ ಕೊಳ್ಳೋರ ಹಾಗೆ ನೋಡ್ತೀರಲ್ಲ ಅತ್ತಿಗೆ."

"ಕುದುರೆಗೆ ಇಷ್ಟು ಮಾತು ಬರಲ್ಲ. ಎತ್ತು."

ಮಾತ್ರೆಯನ್ನು ಅವಳು ಮೊದಲಿದ್ದ ಐದು ಮಿಲಿಗ್ರಾಮಿಗೇ ಇಳಿಸಿದ್ದಳು. ಮೊದಲ ವಾರ ಒಂದು ಪಾಯಿಂಟ್ ಏಳು ಬಂತು. ಎರಡನೆಯ ವಾರ ಎರಡು ಪಾಯಿಂಟ್ ಒಂದು. ಮೂರನೆಯ ವಾರ ಎರಡು ಪಾಯಿಂಟ್ ನಾಲ್ಕು. ಬೆರಳಿನ ರಕ್ತ ನಿಲ್ಲುವುದಕ್ಕೆ ಅರವತ್ತರವರೆಗೆ ಎಣಿಸಬೇಕಾಯಿತು. ಕೆಪು ತಾನೂ ಅವಳೊಂದಿಗೆ ಗಟ್ಟಿಯಾಗಿ ಎಣಿಸಿದ.

ಆ ಹೊತ್ತಿಗೆ ಮಾವನ ಮನೆಯ ಜಗುಲಿಯ ಮೇಲೆ ಲಾವೇನಿ ಬೆನ್ನು ಹಾಕಿ ಕುಳಿತಿರುತ್ತಿದ್ದಳು. ಆಸ್ಪತ್ರೆಯವರು ಅವಳಿಗೆ ಕೆಸುವಿನ ಎಲೆ ಚೆನ್ನಾಗಿ ತಿನ್ನಲು ಹೇಳಿದ್ದರು. ಕೆಪುವಿಗೆ ತಪ್ಪಿದ್ದೆಲ್ಲ ಅತ್ತೆಯ ಪಾಲಿಗೆ ಬಂತು ಎಂದು ತೋಕಿಲುಪೆ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅನಸೇನಿಯೊಂದಿಗೆ ಲಾವೇನಿ ಒಂದು ಮಾತನ್ನೂ ಆಡಲಿಲ್ಲ. ಪೆಟ್ಟಿಗೆಯ ಕಡೆಗೂ ಕೈ ಚಾಚಲಿಲ್ಲ.

ನಾಲ್ಕನೆಯ ವಾರ ಡಾಕ್ಟರ್ ರೆಡ್‌ಮನ್ ಫೋನ್ ಮಾಡಿದರು. "ಭೇಷ್! ಎಲೆ ಬಿಟ್ಟನಾ ಹಾಗಾದ್ರೆ?"

"ಎಲೆ ಅಲ್ಲ ಡಾಕ್ಟರ್. ಸೋದರತ್ತೆ."

ಅವಳು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. "ಸರಿ," ಎಂದರು ಕೊನೆಗೆ. "ಹಾಳೇಲಿ ಕಾರಣ ಅನ್ನೋ ಕಡೆ 'ಇತರೆ' ಅಂತ ಗುರುತು ಹಾಕು."

"ಇತರೆ ಅಲ್ಲ. ಈ ದ್ವೀಪದಲ್ಲಿ ಸೋದರತ್ತೆ ಇಲ್ಲದವರು ಯಾರಿದಾರೆ? ನಾನು ಹಾಳೆ ಕೆಳಗೆ ಒಂದು ಗೆರೆ ಎಳೆದು ಒಂದು ಪ್ರಶ್ನೆ ಸೇರ್ಸಿದೀನಿ. ಮಾತ್ರೆ ನುಂಗಿದವರು ಯಾರು ಅಂತ. ಬೇರೆ ಊರುಗಳ ನರ್ಸುಗಳಿಗೂ ಹೇಳಿದೀನಿ. ಸಂಖ್ಯೆ ಏರದೇ ಇದ್ದವರು ಒಂಬತ್ತು ಜನ. ಅದರಲ್ಲಿ ನಾಲ್ಕು ಜನರ ಮಾತ್ರೆ ಅತ್ತೆಯಂದಿರ ಹೊಟ್ಟೇಲಿತ್ತು."

"ಅಧ್ಯಯನದ ಮಧ್ಯದಲ್ಲಿ ಪ್ರಶ್ನೆ ಸೇರ್ಸೋ ಹಾಗಿಲ್ಲ ಅನಸೇನಿ. ಸಮಿತಿ ಒಪ್ಪಬೇಕು. ತಿಂಗಳುಗಟ್ಟಲೆ ಹಿಡಿಯತ್ತೆ."

"ಸಮಿತಿಯವರನ್ನ ನೀವು ಕೇಳಿ. ಅಷ್ಟರಲ್ಲಿ ಇಲ್ಲಿ ನಾನು ಕೇಳ್ತಾ ಇರ್ತೀನಿ."

ಡಾಕ್ಟರ್ ನಿಟ್ಟುಸಿರಿಟ್ಟರು. ಆಮೇಲೆ, "ಆ ಪ್ರಶ್ನೆ ಇನ್ನೊಂದು ಸಲ ಹೇಳು, ಬರ್ಕೋತೀನಿ," ಎಂದರು.

ಫೋನ್ ಇಟ್ಟ ಮೇಲೆ ಅವಳು ಬೀರು ತೆರೆದು ಹಳೆಯ ದಾಖಲೆಪುಸ್ತಕ ತೆಗೆದಳು. ಮುಗಿದ ಪುಸ್ತಕವನ್ನು ಯಾರೂ ತಿದ್ದಬಾರದೆಂದು ಅದರ ಮೊದಲ ಪುಟದಲ್ಲೇ ಅಚ್ಚಾಗಿತ್ತು. ಎರಡು ವರ್ಷದಲ್ಲಿ ಆ ಹಾಳೆಯನ್ನು ಅವಳು ಒಂದು ಸಲವೂ ತೆರೆದಿರಲಿಲ್ಲ. ಮಲಕಾಯಿಯ ಹೆಸರು, ವಯಸ್ಸು, ಬುಧವಾರ. ಅದರ ಎದುರು ತನ್ನದೇ ದುಂಡು ಅಕ್ಷರ: ಔಷಧ ವಿಫಲ.

ಅವಳು ಆ ಎರಡು ಪದಗಳ ಮೇಲೆ ಒಂದು ನೇರ ಗೆರೆ ಎಳೆದಳು. ಓದಲು ಬರುವಂತೆಯೇ ಎಳೆದಳು. ಪಕ್ಕದಲ್ಲಿ ಬರೆದಳು: ಔಷಧ ನುಂಗಿರಲಿಲ್ಲ. ಕೇಳದೆ ಸಹಿ ಹಾಕಿದವಳು ನಾನು. ಕೆಳಗೆ ಅಂದಿನ ತಾರೀಖು, ತನ್ನ ಪೂರ್ತಿ ಹೆಸರು.

ಶಾಯಿ ಆರುವವರೆಗೆ ಪುಸ್ತಕವನ್ನು ತೆರೆದೇ ಇಟ್ಟು ಹೊರಗೆ ಬಂದಳು. ಆರಕ್ಕೆ ಹತ್ತು ನಿಮಿಷವಿತ್ತು. ಪೆಟ್ಟಿಗೆಯನ್ನು ಅಂಗೈಯಲ್ಲಿ ಹಿಡಿದು, ಎಲ್ಲರ ಜಗುಲಿಗಳ ಮುಂದಿನಿಂದಲೇ, ನಡುಬೀದಿಯಲ್ಲಿ ನಡೆದಳು.